ಲೆಕ್ಕ ತಲೆಗೆ ಹತ್ತದ ಮಕ್ಕಳು ನಿಜವಾಗಿ ಇದ್ದಾರೆಯೇ?



ಕಳೆದ ಮಳೆಗಾಲದಲ್ಲಿ ವಾಳೆಯ ಮನೆಗಳನ್ನು ಸಂದರ್ಶಿಸುತ್ತಾ ಒಂದು ಮನೆಗೆ ಹೋಗಿದ್ದೆವು. ಜಗಲಿಯ ಮೂಲೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಲೆಕ್ಕದ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದಳು. ಪುಟದ ತುಂಬ ಕೆಂಪು ಶಾಯಿಯ ಗೆರೆಗಳು. ನಮ್ಮನ್ನು ಕಂಡೊಡನೆ ಪುಸ್ತಕ ಮುಚ್ಚಿ ಬೆನ್ನ ಹಿಂದೆ ಇಟ್ಟುಕೊಂಡಳು. ಆಕೆಯ ತಂದೆ ನಗುತ್ತಲೇ ಹೇಳಿದರು: "ಇವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಫಾದರ್. ಇವಳ ಅಮ್ಮನ ಹಾಗೆಯೇ."

ತಾಯಿ ಏನೂ ಹೇಳಲಿಲ್ಲ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾವು ಅವರನ್ನೇ ಕೇಳಿದೆವು: "ಈಗ ಆರುನೂರೈವತ್ತು ಬೀಡಿ ಆಗಿದ್ದರೆ ಎಷ್ಟು ಕಟ್ಟಾಯಿತು ಬಾಯಿ?" ಅವರ ಬೆರಳುಗಳು ನಿಲ್ಲಲಿಲ್ಲ. "ಇಪ್ಪತ್ತಾರು." "ಸಾವಿರ ತುಂಬಲು ಇನ್ನೆಷ್ಟು ಕಟ್ಟು ಬೇಕು?" "ಹದಿನಾಲ್ಕು." ತಂದೆಯವರು ಸುಮ್ಮನಾದರು. ಮಗಳು ಬೆನ್ನ ಹಿಂದಿದ್ದ ಪುಸ್ತಕವನ್ನು ಮೆಲ್ಲನೆ ಮುಂದೆ ತಂದಳು.

ಆ ಮನೆಯವರ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಈ ಸಂಗತಿಯನ್ನು ಬರೆಯುತ್ತಿದ್ದೇವೆ. "ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂಬ ಮಾತನ್ನು ನಾವು ಒಂದು ಮನೆಯಲ್ಲಿ ಮಾತ್ರ ಕೇಳಿದ್ದಲ್ಲ. ಹೆಚ್ಚಾಗಿ ಅದು ಕೇಳಿಬರುವುದು ಮಗು ಐದರಿಂದ ಎಂಟನೇ ತರಗತಿಯೊಳಗೆ ಇರುವಾಗ. ನಾಲ್ಕನೆಯವರೆಗೆ ಕೂಡಿ ಕಳೆದು ಚೆನ್ನಾಗಿಯೇ ಇದ್ದ ಮಗು ಆಮೇಲೆ ಒಮ್ಮೆಲೇ ಹಿಂದೆ ಬೀಳುವುದೇಕೆ? ಈ ವರ್ಷಗಳಲ್ಲಿ ಮಕ್ಕಳು ಕಲಿಯುವುದಾದರೂ ಏನು? ಹೆತ್ತವರಾದ ನಾವು ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಎಣಿಕೆ ಮುಗಿದು ಹೋಲಿಕೆ ಆರಂಭವಾಗುವ ಕಾಲ

ಕೆಳಗಿನ ತರಗತಿಗಳ ಲೆಕ್ಕವೆಲ್ಲ ಬಹುಮಟ್ಟಿಗೆ ಎಣಿಕೆಯದ್ದು. ಏಳು ತೆಂಗಿನಕಾಯಿ ಎಂದರೆ ಏಳು ಕಾಯಿ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಐದನೇ ತರಗತಿಯಿಂದ ಮುಂದೆ ಸಂಖ್ಯೆಯ ಸ್ವಭಾವವೇ ಬದಲಾಗುತ್ತದೆ. ಭಿನ್ನರಾಶಿ, ದಶಮಾಂಶ, ಅನುಪಾತ, ಶೇಕಡಾ, ಋಣಸಂಖ್ಯೆ, ಬೀಜಗಣಿತದ ಅಕ್ಷರಗಳು: ಇವುಗಳಲ್ಲಿ ಯಾವುದನ್ನೂ ಬೆರಳಲ್ಲಿ ಎಣಿಸಲಾಗದು. ಮುಕ್ಕಾಲು ಎಂದೊಡನೆ "ಯಾವುದರ ಮುಕ್ಕಾಲು?" ಎಂಬ ಪ್ರಶ್ನೆ ಏಳುತ್ತದೆ. ಒಂದನ್ನು ಇನ್ನೊಂದರ ಜೊತೆ ಇಟ್ಟು ನೋಡುವ ಅಭ್ಯಾಸವನ್ನು ಈ ವರ್ಷಗಳು ಕಲಿಸುತ್ತವೆ. ಯಾವ ಪಾಠ ಯಾವ ತರಗತಿಯಲ್ಲಿ ಎಂಬುದು ಪಠ್ಯಕ್ರಮಕ್ಕೆ ತಕ್ಕಂತೆ ಒಂದು ವರ್ಷ ಹಿಂದೆಮುಂದೆ ಆಗಬಹುದು. ಆದರೆ ಈ ತಿರುವು ಎಲ್ಲ ಮಕ್ಕಳಿಗೂ ಬರುತ್ತದೆ. ತಿರುವಿನಲ್ಲಿ ವೇಗ ತಗ್ಗಿಸದೆ ಓಡಿಸಿದರೆ ಗಾಡಿ ಮಗುಚುವುದು ಸಹಜವಲ್ಲವೇ?

ಮೊದಲ ಎಡವು: ಭಿನ್ನರಾಶಿ

ಆ ಹುಡುಗಿ ಪುಸ್ತಕದಲ್ಲಿ ಬರೆದಿದ್ದ ಮೊದಲ ತಪ್ಪು ಇದು: 1/2 + 1/3 = 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು. ಈ ತಪ್ಪಿಗೂ ಒಂದು ತರ್ಕವಿದೆ. ಇಷ್ಟು ವರ್ಷ ಕಲಿತ ಕೂಡಿಸುವ ರೀತಿಯನ್ನೇ ಆಕೆ ಇಲ್ಲಿಯೂ ಪ್ರಾಮಾಣಿಕವಾಗಿ ಬಳಸಿದ್ದಾಳೆ.

"ತಪ್ಪು" ಎಂದು ಹೇಳುವ ಬದಲು ಒಂದು ಪ್ರಶ್ನೆ ಕೇಳಿದೆವು: "ಐದನೇ ಎರಡು ಭಾಗ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಸ್ವಲ್ಪ ಯೋಚಿಸಿ "ಕಡಿಮೆ" ಎಂದಳು. "ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ?" ಆಕೆಯ ಮುಖದಲ್ಲಿ ಬೆಳಕು ಮೂಡಿದ್ದನ್ನು ನಾವು ಕಂಡೆವು. ಬಳಿಕ ಆಕೆಯದೇ 30 ಸೆಂಟಿಮೀಟರಿನ ಸ್ಕೇಲು ತೆಗೆಯಲು ಹೇಳಿದೆವು. ಅದರ ಅರ್ಧ 15, ಮೂರನೇ ಒಂದು ಭಾಗ 10, ಒಟ್ಟು 25. ಮೂವತ್ತರಲ್ಲಿ ಇಪ್ಪತ್ತೈದು ಎಂದರೆ 5/6. ಛೇದವನ್ನು ಸಮ ಮಾಡಬೇಕು, ಲ.ಸಾ.ಅ. ತೆಗೆಯಬೇಕು ಎಂದು ಶಿಕ್ಷಕರು ಹೇಳುವುದರ ಅರ್ಥ ಇಷ್ಟೇ: ಎರಡನ್ನೂ ಒಂದೇ ಅಳತೆಗೆ ತರಬೇಕು.

ಈ ವಿದ್ಯೆ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಸುಮಾರು ಕ್ರಿ.ಶ. 850ರ ಹೊತ್ತಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಲ.ಸಾ.ಅ. ಬಳಸಿ ಭಿನ್ನರಾಶಿಗಳನ್ನು ಕೂಡಿಸುವ ಕ್ರಮವನ್ನು ವಿವರಿಸಿದ್ದಾರೆ. ಹನ್ನೆರಡನೇ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ನಮ್ಮ ಭಾಷೆಯ ಮಾತುಗಳೂ ಗಣಿತವನ್ನು ಹೊತ್ತಿವೆ. ಮುಕ್ಕಾಲು ಎಂದರೆ ಮೂರು ಕಾಲು. ಮೇಲಿನ 3, ಕೆಳಗಿನ 4, ಎರಡೂ ಆ ಒಂದೇ ಪದದಲ್ಲಿವೆ. ಹಿಂದಿನವರ ಅರೆಕಾಲು ಎಂದರೆ 1/8, ವೀಸ ಎಂದರೆ 1/16. ನಾಲ್ಕು ಪಾವಿಗೆ ಒಂದು ಸೇರು ಎಂದು ಅಳೆದು ಅಕ್ಕಿ ಹಾಕುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಭಿನ್ನರಾಶಿ ಭಯದ ವಿಷಯವಾಗಿರಲಿಲ್ಲ.

ದಶಮಾಂಶದಲ್ಲಿಯೂ ಇಂಥದೇ ಒಂದು ಗುಂಡಿ ಇದೆ. 2.5 ದೊಡ್ಡದೋ 2.35 ದೊಡ್ಡದೋ ಎಂದು ಕೇಳಿ ನೋಡಿ. "ಐದಕ್ಕಿಂತ ಮೂವತ್ತೈದು ದೊಡ್ಡದು" ಎಂದು ಬಹಳ ಮಕ್ಕಳು 2.35 ಎನ್ನುತ್ತಾರೆ. ಅದನ್ನೇ ರೂಪಾಯಿಗೆ ತಂದು ಎರಡೂವರೆ ರೂಪಾಯಿ ಹೆಚ್ಚೋ, ಎರಡು ರೂಪಾಯಿ ಮೂವತ್ತೈದು ಪೈಸೆ ಹೆಚ್ಚೋ ಎಂದು ಕೇಳಿದರೆ ತಪ್ಪುವುದಿಲ್ಲ.

ಶೇಕಡಾ ಎಂದರೆ ಯಾವುದರ ನೂರು?

ಗಡಿನಾಡಿನ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕೊಂಕಣಿ ಇಲ್ಲವೇ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡದಲ್ಲಿ ನಾವು ಶೇಕಡಾ ಎನ್ನುವುದಕ್ಕೆ ಮಲಯಾಳದಲ್ಲಿ 'ಶತಮಾನಂ' ಎನ್ನುತ್ತಾರೆ. ಕಾಸರಗೋಡು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ "ಮೂವತ್ತು ಶತಮಾನಂ ಕಡಿಮೆ" ಎಂದು ಕೇಳಿಸಿಕೊಂಡ ನಮ್ಮ ಕನ್ನಡ ಶಾಲೆಯ ಹುಡುಗನೊಬ್ಬ, "ಮೂರು ಸಾವಿರ ವರ್ಷ ಹಳೆಯ ಬಟ್ಟೆಯೇ ಫಾದರ್?" ಎಂದು ಕೇಳಿದ್ದುಂಟು. ನಕ್ಕು ಸುಮ್ಮನಾಗುವಂತಿಲ್ಲ. ಲೆಕ್ಕದಲ್ಲಿ ಹಿಂದೆ ಬಿದ್ದ ಮಗು ನಿಜವಾಗಿ ಎಡವಿದ್ದು ಲೆಕ್ಕದಲ್ಲೋ ಪದದಲ್ಲೋ ಎಂದು ಮೊದಲು ನೋಡಬೇಕು. ಭಿನ್ನರಾಶಿ, ಫ್ರ್ಯಾಕ್ಷನ್, ಅನುಪಾತ, ರೇಶಿಯೋ, ಶೇಕಡಾ, ಪರ್ಸೆಂಟ್, ಶತಮಾನಂ: ಹೀಗೆ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಬರೆಸಿಟ್ಟರೆ ಮುಂದೆ ಮಾಧ್ಯಮ ಬದಲಾದರೂ ಮಗು ಹೆದರುವುದಿಲ್ಲ.

ಶೇಕಡಾ ಲೆಕ್ಕ ನಮ್ಮ ತೋಟದಲ್ಲೇ ಇದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಶೇಕಡಾ ಒಂದರದ್ದು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮನೆಯ ಡ್ರಮ್ಮು 180 ಲೀಟರಿನದ್ದಾದರೆ ಎಷ್ಟು ಮೈಲುತುತ್ತು? ಮಗುವನ್ನೇ ಕೇಳಿ. 1 ಕಿಲೋ 800 ಗ್ರಾಂ ಎಂದು ಅದು ಹೇಳಿದ ದಿನ, ಶೇಕಡಾ ಪಾಠ ಮುಗಿಯಿತೆಂದು ತಿಳಿಯಿರಿ.

ಪೇಟೆಯಲ್ಲಿಯೂ ಶೇಕಡಾ ನಮ್ಮನ್ನು ಯಾಮಾರಿಸುತ್ತದೆ. ಸಾವಿರ ರೂಪಾಯಿಯ ಸೀರೆಗೆ ಮೊದಲು ಶೇಕಡಾ 20, ಆಮೇಲೆ ಮತ್ತೆ ಶೇಕಡಾ 10 ರಿಯಾಯಿತಿ ಎಂದರೆ ಒಟ್ಟು ಮೂವತ್ತು ಎಂದು ನಾವು ಹಿಗ್ಗುತ್ತೇವೆ. ಮೊದಲ ರಿಯಾಯಿತಿಯ ಬಳಿಕ ಬೆಲೆ 800. ಎರಡನೆಯ ಶೇಕಡಾ 10 ಆ 800ರ ಮೇಲೆ, ಅಂದರೆ 80 ರೂಪಾಯಿ. ಕೊಡಬೇಕಾದದ್ದು 720. ರಿಯಾಯಿತಿ ಶೇಕಡಾ 28 ಮಾತ್ರ. "ಯಾವುದರ ನೂರು?" ಎಂದು ಪ್ರತಿ ಬಾರಿಯೂ ಕೇಳಿಕೊಳ್ಳುವುದನ್ನು ಕಲಿತ ಮಗು ಮುಂದೆ ಮೋಸ ಹೋಗುವುದು ಅಪರೂಪ.

ಸಾಲದ ಸಂಖ್ಯೆ, ಅಕ್ಷರದ ಸಂಖ್ಯೆ

ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆಗೆ ಋಣಸಂಖ್ಯೆ ಎಂದು ಹೆಸರು. ಋಣ ಎಂದರೆ ಸಾಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಧನ, ಋಣ ಎಂಬ ಮಾತುಗಳಲ್ಲಿಯೇ ಇವುಗಳ ನಿಯಮಗಳನ್ನು ಹೇಳಿದ್ದಾನೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದೂ ಅದರಲ್ಲಿದೆ.

ಇಲ್ಲಿ ನಮ್ಮದೇ ಒಂದು ಕಥೆ ಹೇಳಬೇಕು. ಶಾಲೆಯಲ್ಲಿದ್ದಾಗ ಈ ನಿಯಮ "ಏಕೆ ಹೀಗೆ?" ಎಂದು ಕೇಳಿದ್ದಕ್ಕೆ ಆ ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಂತಿದ್ದೆವು. ಅಂದಿನಿಂದ ಲೆಕ್ಕದ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ನಿಯಮ ಬಾಯಿಪಾಠ ಮಾಡಿ ಪಾಸಾದೆವು, ಅಷ್ಟೇ. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಸೆಮಿನರಿಯಲ್ಲಿ. ಸಹಪಾಠಿಯೊಬ್ಬರು ಮೂರು ಕಾಗದದ ಚೂರುಗಳ ಮೇಲೆ ತಲಾ "200 ರೂಪಾಯಿ ಸಾಲ" ಎಂದು ಬರೆದು ನಮ್ಮ ಕೈಗಿತ್ತರು. "ಈಗ ನಿಮ್ಮ ಸ್ಥಿತಿ ಏನು?" "ಆರುನೂರು ಸಾಲ." ಅವರು ಮೂರೂ ಚೂರುಗಳನ್ನು ಕಸಿದು ಹರಿದು ಹಾಕಿದರು. "ಈಗ?" ಸಾಲದ ಚೀಟಿ ಮೂರನ್ನು ತೆಗೆದುಹಾಕಿದರೆ ಆರುನೂರು ರೂಪಾಯಿ ಲಾಭವಾದಂತೆಯೇ! ಋಣ ಮೂರು ಗುಣಿಸು ಋಣ ಇನ್ನೂರು, ಧನ ಆರುನೂರು. ಎರಡು ನಿಮಿಷದ ವಿವರಣೆ. ಅದು ಸಿಗದೆ ನಾವು ಎಷ್ಟು ವರ್ಷ ಲೆಕ್ಕಕ್ಕೆ ಹೆದರಿದ್ದೆವು ಎಂದು ನೆನೆದಾಗ ಈಗಲೂ ಬೇಸರವೆನಿಸುತ್ತದೆ.

ಬೀಜಗಣಿತದ ಎಕ್ಸ್, ವೈ ಕಂಡು ಹೆದರುವ ಮಗುವಿಗೆ ಈ ಆಟ ಆಡಿಸಿ. ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಸು. ಅದನ್ನು ಎರಡು ಪಟ್ಟು ಮಾಡು. ಹತ್ತು ಕೂಡಿಸು. ಬಂದದ್ದನ್ನು ಅರ್ಧ ಮಾಡು. ಮೊದಲು ನೆನೆಸಿದ್ದನ್ನು ಕಳೆ. ಯಾರು ಯಾವ ಸಂಖ್ಯೆ ನೆನೆಸಿದರೂ ಉತ್ತರ ಐದೇ! ಏಕೆ? ನೆನೆಸಿದ ಸಂಖ್ಯೆಯನ್ನು ಒಂದು ಮುಚ್ಚಿದ ಡಬ್ಬಿ ಎಂದುಕೊಳ್ಳಿ. ಎರಡು ಡಬ್ಬಿ, ಜೊತೆಗೆ ಹತ್ತು. ಅರ್ಧ ಮಾಡಿದರೆ ಒಂದು ಡಬ್ಬಿ, ಜೊತೆಗೆ ಐದು. ಡಬ್ಬಿ ತೆಗೆದರೆ ಉಳಿಯುವುದು ಐದು. ಆ ಡಬ್ಬಿಯ ಹೆಸರೇ ಎಕ್ಸ್. ನಮ್ಮ ಪ್ರಾಚೀನ ಗಣಿತಜ್ಞರು ಇಂಥ ತಿಳಿಯದ ಸಂಖ್ಯೆಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿಡುತ್ತಿದ್ದರು.

ರೇಖಾಗಣಿತವೂ ಕಾಗದದ ಮೇಲಿನ ಗೆರೆ ಮಾತ್ರವಲ್ಲ. ಕಾಗದದಲ್ಲಿ ಯಾವುದಾದರೂ ತ್ರಿಭುಜ ಕತ್ತರಿಸಿ, ಮೂರು ಮೂಲೆಗಳನ್ನು ಹರಿದು ಒಂದಕ್ಕೊಂದು ತಾಗಿಸಿಟ್ಟರೆ ನೇರ ಗೆರೆಯಾಗುತ್ತದೆ. ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದು ಹಾಗೆ ಕಣ್ಣಿಗೆ ಕಾಣುತ್ತದೆ. ತೋಟದಲ್ಲಿ ಅಡಿಕೆ ಗಿಡಗಳನ್ನು 9 ಅಡಿಗೆ ಒಂದರಂತೆ ನೆಟ್ಟರೆ ಒಂದು ಗಿಡಕ್ಕೆ 81 ಚದರ ಅಡಿ ಜಾಗ. ಒಂದು ಎಕರೆ, ಅಂದರೆ 100 ಸೆಂಟ್ಸ್, 43,560 ಚದರ ಅಡಿ. ಭಾಗಿಸಿದರೆ ಸುಮಾರು 537 ಗಿಡ. ಅಂತರವನ್ನು ಎರಡು ಪಟ್ಟು ಮಾಡಿ 18 ಅಡಿಗೆ ನೆಟ್ಟರೆ ಗಿಡಗಳು ಅರ್ಧವಾಗುತ್ತವೆಯೇ? ಇಲ್ಲ, ಕಾಲು ಭಾಗಕ್ಕೆ, ಸುಮಾರು 134ಕ್ಕೆ ಇಳಿಯುತ್ತವೆ. ಬಾಹು ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಕಲಿಸೀತು?

ಹೆತ್ತವರು ಏನು ಮಾಡಬಹುದು?

ಮೊದಲನೆಯದಾಗಿ, "ಲೆಕ್ಕ ಬರುವುದಿಲ್ಲ" ಎಂಬ ಹಣೆಪಟ್ಟಿಯನ್ನು ಮಗುವಿಗೆ ಅಂಟಿಸಬೇಡಿ. ತಮಾಷೆಗಾಗಿಯೂ ಬೇಡ. ಅತಿಥಿಗಳ ಮುಂದಂತೂ ಬೇಡವೇ ಬೇಡ. "ನಮ್ಮ ವಂಶದಲ್ಲೇ ಇಲ್ಲ" ಎಂದು ಹೇಳಿದರೆ, ಪ್ರಯತ್ನ ಬಿಡಲು ಮಗುವಿಗೆ ನಾವೇ ಅನುಮತಿ ಕೊಟ್ಟಂತೆ.

ಎರಡನೆಯದಾಗಿ, ಅಂಕಗಳನ್ನು ನೋಡುವ ಮೊದಲು ತಪ್ಪುಗಳನ್ನು ನೋಡಿ. "ಇದನ್ನು ಹೇಗೆ ಮಾಡಿದೆ, ನನಗೂ ಹೇಳು" ಎಂದು ಕೇಳಿ. ಹೇಳುತ್ತಾ ಹೇಳುತ್ತಾ ತಪ್ಪು ಎಲ್ಲಿದೆಯೆಂದು ಹಲವು ಸಲ ಮಗುವೇ ಕಂಡುಕೊಳ್ಳುತ್ತದೆ. ಇದಕ್ಕೆ ನೀವು ಹೆಚ್ಚು ಓದಿರಬೇಕೆಂದಿಲ್ಲ.

ಮೂರನೆಯದಾಗಿ, ಉತ್ತರವನ್ನು ಮೊದಲೇ ಅಂದಾಜು ಮಾಡಿಸಿ. ಹೆಚ್ಚಾದೀತೋ, ಕಡಿಮೆಯಾದೀತೋ? 1/2 + 1/3ರ ತಪ್ಪು ಸಿಕ್ಕಿಬಿದ್ದದ್ದು ಹೀಗೆಯೇ ಅಲ್ಲವೇ?

ನಾಲ್ಕನೆಯದಾಗಿ, ಏಳರ ಹುಡುಗ ಶೇಕಡಾದಲ್ಲಿ ಎಡವುತ್ತಿದ್ದರೆ ಕಾರಣ ಐದನೆಯ ಭಿನ್ನರಾಶಿಯಲ್ಲಿ ಇರಬಹುದು. ಹಳೆಯ ಪುಸ್ತಕ ತೆರೆಯಲು ನಾಚಿಕೆಪಡಬೇಡಿ. ಏಳನೆಯ ವಿದ್ಯಾರ್ಥಿವೇತನ ಪರೀಕ್ಷೆಗೆಂದು ಬರೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಸಾಲದು, ಅಡಿಪಾಯ ಗಟ್ಟಿಯಿರಬೇಕು.

ಕೊನೆಯದಾಗಿ, ಮನೆಯ ನಿಜವಾದ ಲೆಕ್ಕಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಿ. ವಿದ್ಯುತ್ ಬಿಲ್ಲು, ಹಾಲಿನ ಚೀಟಿ, ಕ್ರಿಸ್ಮಸ್ಸಿನ ಕುಸ್ವಾರಿಗೆ ಬೇಕಾದ ಸಾಮಾನು, ಸಾಲದ ಬಡ್ಡಿ. ಹೌದು, ಬಡ್ಡಿಯೂ.

ಮತ್ತೆ ಅದೇ ಮನೆಗೆ

ಬಡ್ಡಿಯ ಮಾತು ಬಂದಾಗ ಆ ಮನೆಗೇ ಮರಳಬೇಕು. ನಾಲ್ಕು ತಿಂಗಳ ಬಳಿಕ ಆ ತಂದೆ ಚರ್ಚಿನ ಅಂಗಳದಲ್ಲಿ ನಮ್ಮನ್ನು ಕಂಡು ಬದಿಗೆ ಕರೆದರು. ಮೂರು ವರ್ಷಗಳ ಹಿಂದೆ ಮಾಡು ರಿಪೇರಿಗೆಂದು ಒಬ್ಬರಲ್ಲಿ 20,000 ರೂಪಾಯಿ ಕೈಸಾಲ ತೆಗೆದಿದ್ದರು. ಬಡ್ಡಿ "ನೂರಕ್ಕೆ ಮೂರು". ಬ್ಯಾಂಕಿನವರು ಒಂಬತ್ತೋ ಹತ್ತೋ ಕೇಳುತ್ತಾರೆ, ಇವರದು ಮೂರೇ ಅಲ್ಲವೇ ಎಂದು ನೆಮ್ಮದಿಯಿಂದಿದ್ದರು. ಶಾಲೆಯಲ್ಲಿ ಸರಳ ಬಡ್ಡಿಯ ಪಾಠ ಆದ ದಿನ ಸಂಜೆ ಮಗಳು ಕೇಳಿದಳಂತೆ: "ಪಪ್ಪಾ, ನೂರಕ್ಕೆ ಮೂರು ತಿಂಗಳಿಗೋ ವರ್ಷಕ್ಕೋ?"

ತಿಂಗಳಿಗೆ. ಅಂದರೆ ತಿಂಗಳಿಗೆ 600, ವರ್ಷಕ್ಕೆ 7,200. ವರ್ಷಕ್ಕೆ ಶೇಕಡಾ 36! ಬ್ಯಾಂಕಿನ ಹತ್ತು ವರ್ಷಕ್ಕೆ, ಇವರ ಮೂರು ತಿಂಗಳಿಗೆ. ಮೂರು ವರ್ಷಗಳಲ್ಲಿ ಬರೇ ಬಡ್ಡಿಯೆಂದು 21,600 ರೂಪಾಯಿ ಕೊಟ್ಟಾಗಿದೆ. ತೆಗೆದ ಸಾಲಕ್ಕಿಂತ ಹೆಚ್ಚು! ಅಸಲು 20,000 ಹಾಗೆಯೇ ಉಳಿದಿದೆ. ಮಗಳು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಇದನ್ನೆಲ್ಲ ಬರೆದು ತೋರಿಸಿದಾಗ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಮರುವಾರ ಹೆಂಡತಿಯ ಬಳೆಗಳನ್ನು ಸಹಕಾರಿ ಬ್ಯಾಂಕಿನಲ್ಲಿ ವರ್ಷಕ್ಕೆ ಶೇಕಡಾ ಹತ್ತರ ಬಡ್ಡಿಗೆ ಅಡವಿಟ್ಟು ಆ ಕೈಸಾಲವನ್ನು ತೀರಿಸಿದರು. ಈಗ ಬಡ್ಡಿ ವರ್ಷಕ್ಕೆ 2,000. ಮಿಕ್ಕ 5,200 ಮನೆಯಲ್ಲಿ ಉಳಿಯುತ್ತದೆ. ಅದನ್ನು ಕೂಡಿಸಿಟ್ಟು ಬಳೆಗಳನ್ನು ಬಿಡಿಸಿಕೊಳ್ಳುವ ಯೋಚನೆ ಅವರದು.

ಆ ಹುಡುಗಿಗೆ ಈ ಸಲ ಲೆಕ್ಕದಲ್ಲಿ ನೂರಕ್ಕೆ ನೂರು ಬಂತು ಎಂದು ಬರೆದರೆ ಸುಳ್ಳಾದೀತು. ಐವತ್ತರಲ್ಲಿ ಇಪ್ಪತ್ತೊಂಬತ್ತು ಬಂದಿದೆ. ಹಿಂದಿನ ಪರೀಕ್ಷೆಯಲ್ಲಿ ಬಂದದ್ದು ಹದಿನಾಲ್ಕು. ಪುಸ್ತಕವನ್ನು ಈಗ ಬೆನ್ನ ಹಿಂದೆ ಅಡಗಿಸುವುದಿಲ್ಲ. ಹಿಂದಿನ ಭಾನುವಾರ ಪೂಜೆಯ ನಂತರ ತಂದೆ ಆಕೆಯ ತಲೆ ಸವರುತ್ತಾ ನಮ್ಮೊಡನೆ ಹೇಳಿದರು: "ಲೆಕ್ಕದಲ್ಲಿ ಇವಳು ಅಮ್ಮನ ಹಾಗೆಯೇ ಫಾದರ್." ತಾಯಿ ಪಕ್ಕದಲ್ಲೇ ನಿಂತಿದ್ದರು. ಈ ಸಲ ಅವರೂ ನಕ್ಕರು.

ಹೆತ್ತವರೇ, ಇಂದು ಸಂಜೆ ನಿಮ್ಮ ಮಗುವಿನ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಕೆಂಪು ಗೆರೆ ಕಂಡರೆ ಗದರಬೇಡಿ. ಪಕ್ಕದಲ್ಲಿ ಕುಳಿತು, "ಇದನ್ನು ಹೇಗೆ ಮಾಡಿದೆ ಮಗಾ?" ಎಂದು ಕೇಳಿ.